ತಿರುಗದ ಕೈಗೊಂದು ಹಿಡಿ

ಸತ್ತವನ ಬೈಕಿನ ಚಕ್ರವನ್ನು ಅಂಗಡಿಯ ಸೂರಿಗೆ ನೇತುಹಾಕಿಕೊಂಡು ಕೆಲಸ ಮಾಡುವ ಕರ್ಮ ಯಾವ ಆಚಾರಿಗೂ ಬೇಡ. ನನಗೆ ಬಂತು. ದೆವ್ವ ಗಿವ್ವ ನಂಬುವವನಲ್ಲ ನಾನು. ಪಿತೃಪಕ್ಷದ ಕೊನೆಗೆ ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುವ ಮಾರ್ಲಾಮಿ ಹಬ್ಬದ ದಿನ, ಪಾಂಡವಪುರದ ಅರ್ಧ ಊರು ಕುರಿಯ ತಲೆ-ಕಾಲು ಸುಡಿಸಿಕೊಳ್ಳಲು ನನ್ನ ಕುಲುಮೆಯ ಮುಂದೆ ಬಂದು ನಿಲ್ಲುತ್ತದೆ. ಅಷ್ಟೊಂದು ಸತ್ತ ಕಣ್ಣುಗಳನ್ನು ಬೆಂಕಿಯೊಳಗೆ ಹತ್ತಿರದಿಂದ ನೋಡಿದವನಿಗೆ ಹೆದರಿಕೆ ಎಲ್ಲಿಂದ ಬರಬೇಕು? ಆದರೂ ಆ ಚಕ್ರ ಅಲ್ಲಿ ನೇತಾಡುತ್ತಿದ್ದಷ್ಟು ದಿನ ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

ಗೌರಿ ಹಬ್ಬ ಕಳೆದಿತ್ತು. ಕಬ್ಬು ಕಡಿಯುವವರ ಮಚ್ಚುಗಳಿಗೆ ಸಾಣೆ ಹಿಡಿಯುತ್ತಾ ಕೂತಿದ್ದೆ. ಆಟೋದಿಂದ ಒಬ್ಬ ಹೆಂಗಸು ಇಳಿದು, ಗೋಣಿಚೀಲವೊಂದನ್ನು ತಾನೇ ಎತ್ತಿಕೊಂಡು ಬಂದು ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ ಧೊಪ್ಪನೆ ಹಾಕಿದಳು. ಎತ್ತರದ ಆಳು, ಗೇದು ಗೇದು ಗಟ್ಟಿಯಾದ ಕೈ. ಕೆ.ಆರ್. ಪೇಟೆ ದಾರಿಯ ಹಳ್ಳಿಯೊಂದರ ಒಕ್ಕಲುಮನೆಯವಳು ಎಂದು ಮಾತಿನಲ್ಲೇ ಗೊತ್ತಾಯಿತು. ಕೆಂಡದ ಮೇಲೆ ಬಾಡು ಸುಡುವ ಇಕ್ಕಳವೊಂದು ಬೇಕು, ಕಬ್ಬಿಣ ನಾನೇ ತಂದಿದ್ದೇನೆ ಅಂದಳು.

ಕಬ್ಬಿಣ ತರುವುದು ಹೊಸದೇನಲ್ಲ. ನಮ್ಮಪ್ಪನ ಕಾಲದಲ್ಲಿ ಗಾಡಿಯ ಪಟ್ಟೆಯನ್ನೋ ನೇಗಿಲಿನ ಸವೆದ ಗುಳವನ್ನೋ ತಂದು ಕುಡುಗೋಲು ಮಾಡಿಸಿಕೊಂಡು ಹೋಗುತ್ತಿದ್ದರು. ಹೊತ್ತು ತಂದ ಕಬ್ಬಿಣವನ್ನು ನಮ್ಮಪ್ಪ ಯಾವತ್ತೂ ವಾಪಸು ಕಳಿಸಿದವರಲ್ಲ. ಹಾಗೆ ಅಂದುಕೊಂಡೇ ಚೀಲ ಬಿಚ್ಚಿದೆ. ಒಳಗೆ ಬೈಕಿನ ಮುಂದಿನ ಚಕ್ರವಿತ್ತು. ಟೈರು ಇರಲಿಲ್ಲ, ರಿಮ್ಮು ಒಂದು ಕಡೆ ಒಳಕ್ಕೆ ಮಡಚಿಹೋಗಿತ್ತು. ನೋಡಿದ ಕೂಡಲೇ ಅದು ಯಾವ ಥರದ ಚಕ್ರ ಎಂದು ತಿಳಿಯಿತು.

ಆಕೆ ಅಳಲಿಲ್ಲ, ಹೇಳಿಕೊಂಡು ಹೋದಳು. ಮಗ ಬೇಸಿಗೆಯಲ್ಲಿ ಹೋದ. ಶ್ರೀರಂಗಪಟ್ಟಣದಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿಕೊಂಡು ಅವನೂ ಅವನ ಹೆಂಡತಿಯೂ ಬೆಳಗೊಳದ ಕಡೆಗೆ ಬರುತ್ತಿದ್ದರಂತೆ. ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಕ್ಟರಿಗೆ ಗುದ್ದಿಕೊಂಡರು. ಅವನು ಅಲ್ಲೇ ಹೋದ, ಹಿಂದೆ ಕೂತಿದ್ದ ಸೊಸೆ ಉಳಿದುಕೊಂಡಳು. ಸ್ಟೇಷನ್ನಿನಿಂದ ಬಿಡಿಸಿಕೊಂಡು ಬಂದ ಬೈಕನ್ನು ಗುಜರಿಗೆ ಹಾಕುವಾಗ ಈ ಚಕ್ರವೊಂದನ್ನು ಆಕೆ ಬಿಚ್ಚಿಸಿ ಇಟ್ಟುಕೊಂಡಿದ್ದಳು. ಮಗನಿಗೆ ಉಪ್ಪುಕಂಡ ಎಂದರೆ ಪ್ರಾಣ. ಉಪ್ಪು ಸವರಿ ದಾರಕ್ಕೆ ಪೋಣಿಸಿ ಒಣಗಿಸಿದ ಬಾಡನ್ನು ಚಿಕ್ಕವನಿದ್ದಾಗ ಸೈಕಲ್ಲಿನ ಸ್ಪೋಕಿಗೆ ಚುಚ್ಚಿ, ಒಲೆಯ ಮುಂದೆ ಕೂತು ತಾನೇ ಸುಟ್ಟುಕೊಂಡು ತಿನ್ನುತ್ತಿದ್ದನಂತೆ. ಈ ಮಾರ್ಲಾಮಿಗೆ ಅವನ ಮೊದಲ ಎಡೆ. ಎಡೆಗೆ ಉಪ್ಪುಕಂಡ ಸುಡಬೇಕು, ಈ ಸ್ಪೋಕುಗಳಲ್ಲೇ ಸುಡಬೇಕು.

ಮೈಸೂರಿನ ಅಂಗಡಿಗಳಲ್ಲಿ ಸ್ಟೀಲಿನ ಜಾಲರಿಗಳೇ ಸಿಗುತ್ತವೆ, ಚೆನ್ನಾಗಿರುತ್ತವೆ ಅಂತ ಹೇಳಿ ನೋಡಿದೆ.

"ಅವನ್ನ ತಿಂದಿದ್ದು ಇದು, ಆಚಾರ್ರೇ. ಈಗ ಇದೇ ಅವ್ನಿಗೆ ಉಣ್ಣಿಸ್ಲಿ" ಅಂದಳು.

ಆಯಿತು ಬಿಡಕ್ಕ ಅಂದೆ. ಅಂದಮೇಲೆ ನನ್ನ ಬಾಯಿಯನ್ನು ನಾನೇ ಬೈದುಕೊಂಡೆ.

ನೆಲದ ಮೇಲೆ ಬಿಟ್ಟರೆ ಕಾಲಿಗೆ ಸಿಗುತ್ತದೆ ಎಂದು ಚಕ್ರವನ್ನು ಸೂರಿನ ಕೊಕ್ಕೆಗೆ ತಂತಿಯಲ್ಲಿ ಕಟ್ಟಿದೆ. ಗಾಳಿಗೆ ಅದು ಮೆಲ್ಲಗೆ ತಿರುಗಿತು. ಎಲ್ಲೋ ಒಂದು ಸೊಟ್ಟ ಸ್ಪೋಕು ತಂತಿಗೆ ತಾಕಿ ಟಿಕ್ ಅಂದಿತು. ಹೊರಟವಳು ಅಲ್ಲೇ ನಿಂತುಬಿಟ್ಟಳು. ಈ ಸದ್ದು ತನಗೆ ಗೊತ್ತು ಅಂದಳು. ಮಗ ಹೊತ್ತು ಮೀರಿ ಬಂದ ದಿನ ಅವ್ವ ಏಳದಿರಲಿ ಎಂದು ಬಾಗಿಲಾಚೆಯೇ ಇಂಜಿನ್ನು ಆರಿಸಿ ಬೈಕನ್ನು ತಳ್ಳಿಕೊಂಡು ಅಂಗಳಕ್ಕೆ ತರುತ್ತಿದ್ದನಂತೆ. ಚಕ್ರ ಹೀಗೇ ಟಿಕ್ ಟಿಕ್ ಅನ್ನುತ್ತಿತ್ತು, ಬಂದ ಎಂದು ತಿಳಿದು ತಾನು ಮಗ್ಗುಲು ಬದಲಿಸಿ ನಿದ್ದೆ ಮಾಡುತ್ತಿದ್ದೆ ಅಂದಳು. ಇನ್ನೊಂದು ಸಲ ಅದು ಟಿಕ್ ಅನ್ನುವವರೆಗೂ ಕಾದಿದ್ದು ಆಮೇಲೆ ಹೋದಳು.

ನನ್ನ ಹೆಂಡತಿ ಆವತ್ತಿನಿಂದ ಅಂಗಡಿಯ ಕಡೆ ಬರುವುದನ್ನು ಬಿಟ್ಟಳು. ಕಾಫಿಯನ್ನು ಹಿತ್ತಿಲ ಬಾಗಿಲಲ್ಲಿ ಇಟ್ಟು ಕೂಗುತ್ತಿದ್ದಳು. ಒಂದು ಬೆಳಗ್ಗೆ ನೋಡಿದರೆ ರಿಮ್ಮಿಗೆ ಬೇವಿನ ಸೊಪ್ಪು, ನಿಂಬೆಹಣ್ಣು. ಅಂಗಡಿಗೆ ಬರಲು ಹೆದರುವವಳು ಇದನ್ನು ಕಟ್ಟಲು ಯಾವಾಗ ಬಂದೆ ಮಹರಾಯ್ತಿ ಎಂದು ಕೇಳಿದೆ, ಜಗಳವಾಯಿತು. ಕಬ್ಬಿಣ ಒಂದು ಸಲ ಬೆಂಕಿಗೆ ಬಿದ್ದರೆ ಅದಕ್ಕೆ ಸೂತಕವಿಲ್ಲ ಎಂದು ನಮ್ಮಪ್ಪ ನಂಬಿದ್ದರು. ಹಾಗಾದರೆ ಬೇಗ ಬೆಂಕಿಗೆ ಹಾಕಿ ಅಂದಳು. ಅವಳ ಮಾತಿನಲ್ಲೂ ನ್ಯಾಯವಿತ್ತು, ಕೆಲಸ ಶುರು ಮಾಡಿದೆ.

ಸ್ಪೋಕು ನೋಡಲು ಸರಳ, ಕೆಲಸಕ್ಕೆ ಬಹಳ ಮೊಂಡು. ಮೊದಲನೆಯದಾಗಿ ಅದರ ಮೇಲೆ ಬೆಳ್ಳಗೆ ಹೊಳೆಯುವ ಲೇಪವಿರುತ್ತದೆ. ಕೆಂಡ ತಾಗಿದರೆ ಅದು ಹೊಗೆಯಾಗಿ ಏಳುತ್ತದೆ, ಮೇಲಿಟ್ಟ ಬಾಡಿನೊಳಗೆ ಸೇರುತ್ತದೆ. ಅಂಥ ಲೇಪದ ಪೈಪು ವೆಲ್ಡು ಮಾಡಿ ಒಂದು ಸಲ ನಾನು ಚಳಿಜ್ವರ ಬಂದು ಮಲಗಿದವನು, ಅದರ ರುಚಿ ನನಗೆ ಗೊತ್ತು. ಎಲ್ಲ ಸ್ಪೋಕುಗಳನ್ನೂ ಬಿಚ್ಚಿ, ಅಂಗಳದಲ್ಲಿ ಗಾಳಿಗೆ ಇಟ್ಟ ಪ್ಲಾಸ್ಟಿಕ್ ಬೋಗುಣಿಯಲ್ಲಿ ಆಸಿಡ್ಡಿಗೆ ಹಾಕಿದೆ. ಗುಳುಗುಳು ಎಂದು ನೊರೆ ಬಂತು. ಹೊಳಪು ಹೋಗಿ ಬೂದುಬಣ್ಣವಾದ ಮೇಲೆ ಸೋಡಾ ನೀರಿನಲ್ಲಿ ತೊಳೆದು, ಬೂದಿ ಹಾಕಿ ಉಜ್ಜಿದೆ.

ಎರಡನೆಯದು ಬೆಸುಗೆ. ಸ್ಪೋಕುಗಳನ್ನು ಸಾಲಾಗಿ ಜೋಡಿಸಿ ಪಟ್ಟಿಗೆ ವೆಲ್ಡು ಮಾಡಿದೆ. ಅಡಿಗಲ್ಲಿನ ಮೇಲೆ ಮೆತ್ತಗೆ ಕುಟ್ಟಿದ್ದಷ್ಟೇ, ಬೆಸುಗೆಯ ಬುಡದಲ್ಲಿ ಪಟಪಟ ಮುರಿದವು. ಗಡಸು ತಂತಿ ಅದು, ಬೆಸುಗೆಯ ಕಾವಿಗೆ ಬುಡದಲ್ಲಿ ಗಾಜಿನಂತಾಗುತ್ತದೆ. ಸರಿ ಎಂದು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಟ್ಟೆ. ಈಗ ಮುರಿಯಲಿಲ್ಲ, ಆದರೆ ಹಸಿ ಕಡ್ಡಿಯ ಹಾಗೆ ಬಾಗಿದವು. ಮೇಲೆ ಬಾಡು ಇಟ್ಟರೆ ನಡುವೆ ಜೋತುಬೀಳುತ್ತಿತ್ತು. ಸಿಟ್ಟು ಬಂದು ಅದನ್ನು ಮೂಲೆಗೆ ಎಸೆದೆ.

ಉಪಾಯ ಹೊಳೆದದ್ದು ಮೂಲೆಯಲ್ಲಿ ಬಿದ್ದಿದ್ದ ಖಾಲಿ ರಿಮ್ಮನ್ನು ನೋಡಿ. ಚಕ್ರದಲ್ಲಿ ಸ್ಪೋಕನ್ನು ಯಾರೂ ಬೆಸೆಯುವುದಿಲ್ಲ. ತೂತಿನಲ್ಲಿ ಹಾಯಿಸಿ, ತುದಿಯ ಪುಟ್ಟ ನಟ್ಟು ತಿರುವಿ ಬಿಗಿಯುತ್ತಾರೆ. ನಾನೂ ಹಾಗೇ ಮಾಡಿದೆ. ಕಬ್ಬಿಣದ ಪಟ್ಟಿಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎರಡು ಚೌಕಟ್ಟು ಮಾಡಿ, ತೂತು ಕೊರೆದು, ಕೆಡದೆ ಉಳಿದಿದ್ದ ಸ್ಪೋಕುಗಳನ್ನು ಹಾಯಿಸಿ ಬಿಗಿದೆ. ಕಾದು ಸಡಿಲವಾದರೆ ಮತ್ತೆ ಬಿಗಿಯಬಹುದು. ಎರಡು ಚೌಕಟ್ಟನ್ನೂ ಪುಸ್ತಕದ ಹಾಗೆ ತೆರೆದು ಮುಚ್ಚುವಂತೆ ಒಂದು ಕಡೆ ಕೂಡಿಸಿ, ನಡುವೆ ಬಾಡಿಟ್ಟು ಮೇಲೊಂದು ಉಂಗುರ ಸರಿಸಿದರೆ ಮುಗಿಯಿತು, ಬಾಡು ಅಲ್ಲಾಡುವುದಿಲ್ಲ. ಮೊಳದುದ್ದದ ಸರಳು, ತುದಿಗೆ ಹೊನ್ನೆ ಮರದ ಹಿಡಿ. ಹೆಮ್ಮೆಯಾಯಿತು ನನಗೆ. ಅಂಥ ಕೆಲಸವನ್ನು ನೋಡಿ ಹೆಮ್ಮೆ ಪಡಬೇಕಾಯಿತಲ್ಲ ಎಂದು ಬೇಜಾರೂ ಆಯಿತು.

ಚಕ್ರ ಬಿಚ್ಚಿದ ಮೇಲೂ ಆ ಕೊಕ್ಕೆಯ ಕಡೆಯಿಂದ ಆಗಾಗ ಟಿಕ್ ಎಂದು ಕೇಳಿದಂತಾಗುತ್ತಿತ್ತು. ಖಾಲಿ ಕೊಕ್ಕೆ ಅದು. ಹೆಂಡತಿಗೆ ಹೇಳಲಿಲ್ಲ. ಅವಳೂ ನನಗೆ ಏನೂ ಹೇಳಲಿಲ್ಲ, ಆದರೆ ಒಂದು ದಿನ ಹಿತ್ತಿಲ ಬಾಗಿಲಲ್ಲಿ ಲೋಟ ಹಿಡಿದು ನಿಂತವಳು ಕತ್ತೆತ್ತಿ ಅತ್ತಲೇ ನೋಡುತ್ತಿದ್ದಳು.

ಪರೀಕ್ಷೆಗೆ ಬನ್ನಿ ಎಂದು ಫೋನು ಮಾಡಿದೆ. ತಾಯಿ ಬಂದಳು, ಜೊತೆಯಲ್ಲಿ ಸೊಸೆಯೂ ಬಂದಳು. ತೆಳ್ಳಗಿನ ಹುಡುಗಿ, ನಾಗಮಂಗಲದ ಕಡೆಯವಳು, ತಲೆ ತಗ್ಗಿಸಿಯೇ ನಿಂತಿದ್ದಳು. ಆಗಲೇ ನನಗೆ ಗೊತ್ತಾದದ್ದು, ಇಕ್ಕಳ ಹಿಡಿಯುವ ಕೈ ಸೊಸೆಯದು ಅಂತ. ಗಂಡ ಸತ್ತ ವರ್ಷದ ಎಡೆಗೆ ಹೆಂಡತಿಯೇ ಉಪವಾಸವಿದ್ದು ಒಲೆಯ ಮುಂದೆ ಕೂರಬೇಕು, ಎಡೆಯ ಪದಾರ್ಥಕ್ಕೆ ಎಡಗೈ ತಾಗಬಾರದು, ಇದು ಅವರ ಮನೆಯ ಪದ್ಧತಿ. ನಾನೋ, ಆ ತಾಯಿಯ ಕೈ ನೋಡಿ ಅಳತೆ ಇಟ್ಟವನು.

ಮನೆಯಿಂದ ತಂದಿದ್ದ ಉಪ್ಪುಕಂಡದ ತುಂಡುಗಳನ್ನು ಸೊಸೆ ಒಳಗಿಟ್ಟು, ಬಲಗೈಯಲ್ಲಿ ಇಕ್ಕಳ ಹಿಡಿದು ಕುಲುಮೆಯ ಕೆಂಡದ ಮೇಲೆ ಚಾಚಿದಳು. ಕೊಬ್ಬು ಕರಗಿ ಚುಂಯ್ ಅಂದಿತು. ಮಗುಚು ಎಂದು ಅತ್ತೆ ಹೇಳಿದಳು. ಸೊಸೆ ಮಗುಚಲಿಲ್ಲ. ಮೊಣಕೈಯನ್ನೇ ಮೇಲೆತ್ತಿ, ಭುಜವನ್ನು ಓರೆ ಮಾಡಿ, ಇಡೀ ಮೈಯನ್ನು ಬಾಗಿಸಿ ಏನೋ ಮಾಡಲು ನೋಡಿದಳು. ಮಣಿಕಟ್ಟು ಮಾತ್ರ ತಿರುಗಲಿಲ್ಲ. ಮುಖ ಬೆವೆತು ಬಿಳಿಚಿಕೊಂಡಿತು. ಮರುಕ್ಷಣ ಇಕ್ಕಳ ಕೆಂಡದೊಳಕ್ಕೆ ಬಿತ್ತು.

ನಾನು ಎತ್ತಿಕೊಳ್ಳಲು ಬಾಗಿದ್ದೆ. ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು. ಏರಿದ ದನಿಯಲ್ಲ, ತಣ್ಣಗಿನ ದನಿ.

"ನೋಡಿದ್ರಾ ಆಚಾರ್ರೇ? ಅವತ್ತೂ ಇಂಗೇಯ. ಇಡ್ಕಬೇಕಾದ ಒತ್ನಲ್ಲಿ ಬುಟ್ಬುಟ್ಲು."

ಸೊಸೆ ಬಲ ಮಣಿಕಟ್ಟನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಗೆ ಹೋಗಿ ನಿಂತಳು. ಅವತ್ತು ಕೈ ಮುರಿದಿತ್ತೇನಕ್ಕ ಎಂದೆ. ಆಸ್ಪತ್ರೆಯಲ್ಲಿ ಪ್ಲೇಟು ಹಾಕಿಸಿ ಯಾವ ಕಾಲವಾಯಿತು, ಉಣ್ಣಲು ಬರುವ ಕೈ ಮಗುಚಲು ಬರುವುದಿಲ್ಲವೇ, ಮನಸ್ಸಿಲ್ಲ ಅಷ್ಟೆ ಅಂದಳು ಆಕೆ. ಇವಳ ಕೈಯಲ್ಲಿ ಆಗದಿದ್ದರೆ ತನ್ನ ಮಗಳನ್ನು ಕರೆಸಿ ಎಡೆ ಮಾಡಿಸುತ್ತೇನೆ ಎಂದೂ ಹೇಳಿದಳು. ಹೊರಗೆ ನಿಂತವಳಿಗೆ ಅದು ಕೇಳಿಸಿರಬೇಕು.

ಅದಾಗಿ ಒಂದೆರಡು ದಿನಕ್ಕೆ ಸೊಸೆ ಒಬ್ಬಳೇ ಬಂದಳು. ಔಷಧಿ ಅಂಗಡಿಗೆ ಎಂದು ಹೇಳಿ ಬಂದಿದ್ದಳು. ಕೂತುಕೊಳ್ಳಮ್ಮ ಎಂದರೆ ಕೂರಲಿಲ್ಲ. ಅವಳ ಕೋರಿಕೆ ಸಣ್ಣದು: ಈ ಕಬ್ಬಿಣದಲ್ಲಿ ಇಕ್ಕಳ ಆಗುವುದಿಲ್ಲ, ಲೇಪದ ವಿಷ ಹೋಗುವುದಿಲ್ಲ ಎಂದು ಅತ್ತೆಗೆ ನಾನು ಹೇಳಿಬಿಡಬೇಕು. ನಾನು ಹೇಳಿದರೆ ನಂಬುತ್ತಾರೆ. ಅಷ್ಟಾದರೆ ಉಪ್ಪುಕಂಡ ಬಾಣಲೆಗೆ ಹೋಗುತ್ತದೆ, ಸೌಟಿನಲ್ಲಿ ತಿರುವುವುದು ತನಗೆ ಹೇಗೋ ಆಗುತ್ತದೆ.

"ಎಡೆ ನನ್ ಕೈಲಿ ಆಗ್ನಿಲ್ಲ ಅಂದ್ರೆ ಆ ಮನೇಲಿ ನಂಗೇನ್ ಕೆಲ್ಸ ಆಚಾರ್ರೇ? ನಾಗಮಂಗಲಕ್ಕೆ ಒಂಟೋಯ್ತೀನಿ. ಅವ್ರಿಗೆ ಒಂದ್ ತುತ್ತು ಇಡ್ದೆ ಒಂಟೋದೆ ಅಂತ ಸಾಯೋಗಂಟ ಕೊರಗ್ತೀನಿ."

ಕೈ ತೋರಿಸು ಎಂದೆ. ಮಣಿಕಟ್ಟಿನ ಮೇಲೆ ಉದ್ದನೆಯ ಗಾಯದ ಕಲೆ. ಹಿಡಿಯಲು ಆಗುತ್ತಿತ್ತು, ಬೆರಳು ಆಡುತ್ತಿದ್ದವು, ಎತ್ತಲೂ ಆಗುತ್ತಿತ್ತು. ಅಂಗೈ ಮೇಲೆ ಕೆಳಗೆ ಮಾಡಲು ಮಾತ್ರ ಆಗುತ್ತಿರಲಿಲ್ಲ. ಬಿದ್ದ ರಭಸಕ್ಕೆ ಹೀಗಾಯಿತೇ ಎಂದು ಕೇಳಿದೆ. ಅಲ್ಲ ಎಂದು ತಲೆಯಾಡಿಸಿ ಹೇಳಿದಳು. ಬೈಕಿನಲ್ಲಿ ಕೂತಾಗಲೆಲ್ಲ ಗಂಡನ ಸೊಂಟದ ಬೆಲ್ಟಿನೊಳಗೆ ಕೈ ಸಿಕ್ಕಿಸಿ ಹಿಡಿಯುವುದು ಅವಳ ರೂಢಿ. ಗುದ್ದಿದಾಗ ಅವನು ಹಾರಿಹೋದ, ಬೆಲ್ಟಿನಲ್ಲಿದ್ದ ಇವಳ ಕೈ ಅವನ ಜೊತೆಗೇ ತಿರುಚಿಕೊಂಡಿತು. ಜನ ಬಂದು ಬೆಲ್ಟು ಕುಯ್ದು ಅವಳ ಕೈ ಬಿಡಿಸಬೇಕಾಯಿತಂತೆ.

ಇದನ್ನು ಅತ್ತೆಗೆ ಹೇಳಿಲ್ಲವೇ ಎಂದೆ. "ಹೇಳಿ ಏನಾಗ್ಬೇಕು? ಅವ್ರಿಗೆ ಯಾರ್ ಮ್ಯಾಲಾದ್ರೂ ಕ್ವಾಪ ಬೇಕು. ನಾನಾದ್ರೆ ಎದುರ್ಗೇ ಇದೀನಿ" ಅಂದಳು. ನೀವೂ ಹೇಳಬಾರದು ಎಂದು ಮಾತು ತೆಗೆದುಕೊಂಡಳು.

ಅವಳು ಕೇಳಿದ ಸುಳ್ಳು ಸುಲಭದ್ದು. ಲೇಪದ ನೆಪ ಹೇಗೂ ಇತ್ತು, ಅರ್ಧ ನಿಜವೇ. ನನಗೂ ಆ ಕಬ್ಬಿಣದ ಸಹವಾಸ ಸಾಕಾಗಿತ್ತು. ಹೂಂ ಅನ್ನಲು ಬಾಯಿ ತೆರೆದಿದ್ದೆ. ಆಗ ಅವಳು ಅಡಿಗಲ್ಲಿನ ಮೇಲಿದ್ದ ಇಕ್ಕಳವನ್ನು ನೋಡಿದಳು, ನೋಡಿ ಅದರ ಸ್ಪೋಕುಗಳ ಮೇಲೆ ಒಂದೇ ಒಂದು ಸಲ ಬೆರಳಾಡಿಸಿದಳು. ಹೆದರಿ ಮುಟ್ಟಿದ್ದಲ್ಲ. ಗಂಡನ ಅಂಗಿಯನ್ನು ಮಡಿಚಿಡುವಾಗ ಹೆಂಗಸರು ಕೈ ಆಡಿಸುತ್ತಾರಲ್ಲ, ಹಾಗೆ. ಬಾಣಲೆ ಬೇಡ ಕಣವ್ವ ಅಂದುಬಿಟ್ಟೆ. ನಿನ್ನ ಕೈ ತಿರುಗುವುದು ಬೇಡ, ಇಕ್ಕಳ ತಾನೇ ತಿರುಗುವ ಹಾಗೆ ಮಾಡುತ್ತೇನೆ. ಸೀಮೆಸುಣ್ಣದಲ್ಲಿ ಅವಳ ಬಲಗೈಯನ್ನು ಹಲಗೆಯ ಮೇಲೆ ಬರೆದುಕೊಂಡು, ಹೆಬ್ಬೆರಳು ಎಲ್ಲಿಯವರೆಗೆ ಚಾಚುತ್ತದೆ ಎಂದು ಗುರುತು ಹಾಕಿ ಕಳಿಸಿದೆ.

ದೊಡ್ಡ ಮಾತು ಆಡಿದ್ದಾಗಿತ್ತು, ಹೇಗೆ ಮಾಡುವುದೋ ಗೊತ್ತಿರಲಿಲ್ಲ. ಎಡಗೈ ತಾಗಬಾರದು, ಬಲಗೈ ತಿರುಗುವುದಿಲ್ಲ. ಉಳಿದದ್ದು ಒಂದು ಹೆಬ್ಬೆರಳು. ಹಿಡಿಯ ಕೊನೆಗೆ ತಿರುವು ಹಾಕಿದರೆ ಇನ್ನೊಂದು ಕೈ ಬೇಕು. ಸ್ಪ್ರಿಂಗು ಹಾಕಿದರೆ ಕಾವಿಗೆ ಸತ್ತುಹೋಗುತ್ತದೆ. ಮಚ್ಚುಗಳು ಮೂಲೆಯಲ್ಲಿ ರಾಶಿ ಬಿದ್ದವು, ಕಬ್ಬಿನ ಗ್ಯಾಂಗಿನ ಮೇಸ್ತ್ರಿ ಬಂದು ಬೈದುಹೋದ.

ಕೊನೆಗೆ, ಸ್ಪೋಕು ಬಿಚ್ಚಿದಾಗ ಚೀಲಕ್ಕೆ ಹಾಕಿಟ್ಟಿದ್ದ ಚಕ್ರದ ನಡುಭಾಗವನ್ನು ಹೊರಗೆ ತೆಗೆದೆ. ಚಕ್ರ ಸುತ್ತುವುದು ಆಕ್ಸಲ್ಲಿನ ಸುತ್ತ. ಆಕ್ಸಲ್ಲಿನ ಮೇಲೆ, ಎರಡು ಬೇರಿಂಗುಗಳ ನಡುವೆ, ಗೇಣುದ್ದಕ್ಕೂ ಕಡಿಮೆಯ ಒಂದು ಕೊಳವೆ ಇರುತ್ತದೆ. ಬಿಚ್ಚಿ ನೋಡಿದೆ. ಕೊಳವೆಯನ್ನು ಹಿಡಿದುಕೊಂಡರೆ ಒಳಗೆ ಆಕ್ಸಲ್ಲು ಸಲೀಸಾಗಿ ತಿರುಗುತ್ತಿತ್ತು. ಇಷ್ಟು ದಿನ ಕಾಲ ಬಳಿ ಬಿದ್ದಿತ್ತಲ್ಲ ಎಂದು ನನಗೇ ನಗು ಬಂತು. ಕೊಳವೆಯ ಮೇಲೆ ಮರ ಕೂರಿಸಿ ಹಿಡಿ ಮಾಡಿದೆ. ಆಕ್ಸಲ್ಲಿನ ತುದಿಗೆ ಸರಳನ್ನು, ಸರಳಿಗೆ ಚೌಕಟ್ಟನ್ನು ಕೂಡಿಸಿದೆ. ಹಿಡಿಯ ಮುಂದೆ, ಹೆಬ್ಬೆರಳು ತಲುಪುವ ಜಾಗದಲ್ಲಿ, ಚಕ್ರದ ನಡುಭಾಗದಿಂದಲೇ ಕುಯ್ದ ಒಂದು ಸಣ್ಣ ಬಿಲ್ಲೆಯನ್ನು ಆಕ್ಸಲ್ಲಿಗೆ ನಟ್ಟು ಹಾಕಿ ಬಿಗಿದೆ. ಅದರ ಅಂಚಿನಲ್ಲಿ ಸ್ಪೋಕುಗಳು ಇದ್ದ ತೂತುಗಳು ಹಾಗೇ ಇದ್ದವು. ಹೆಬ್ಬೆರಳಿನ ತುದಿ ತೂತಿಗೆ ಕಚ್ಚಿಕೊಂಡು ತಳ್ಳಿದರೆ ಬಿಲ್ಲೆ ತಿರುಗುತ್ತದೆ, ಬಿಲ್ಲೆಯ ಜೊತೆ ಇಕ್ಕಳ ಮಗುಚುತ್ತದೆ. ಕೈ ಇದ್ದ ಹಾಗೇ ಇರುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಮೊದಲ ದಿನ ಕೊಳವೆಯೊಳಗಿನ ಹಳೆಯ ಗ್ರೀಸು ಕಾವಿಗೆ ಕರಗಿ ವಾಸನೆ ಹಿಡಿಯಿತು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹರಳೆಣ್ಣೆಯನ್ನಷ್ಟೇ ಸವರಿದೆ. ತೂಕ ಜಾಸ್ತಿಯಾಗಿತ್ತು, ಅದಕ್ಕೆ ಒಲೆಯ ಪಕ್ಕ ನೆಲಕ್ಕೆ ಊರುವಂಥ ಒಂದು ಕವೆ ಮಾಡಿದೆ. ಸರಳನ್ನು ಅದರ ಮೇಲೆ ಆನಿಸಿದರೆ ಕೈಗೆ ಭಾರವಿಲ್ಲ. ಆಮೇಲೆ ಬಂದ ತೊಂದರೆ ಬೇರೆ ಥರದ್ದು. ಬಾಡು ಹಾಕಿ ಕವೆಯ ಮೇಲಿಟ್ಟು, ಕುಲುಮೆಗೆ ಗಾಳಿ ಊದುವ ಬ್ಲೋಯರು ಆರಿಸಲು ಆಚೆ ತಿರುಗಿದೆ. ಮತ್ತೆ ಈಚೆ ನೋಡಿದರೆ ಇಕ್ಕಳ ಮಗುಚಿಕೊಂಡಿತ್ತು. ಸರಿಯಾಗಿಟ್ಟೆ. ನನ್ನ ಕಣ್ಣೆದುರಿಗೇ ಮೆಲ್ಲಗೆ, ಯಾರೋ ಬೆಂದಿದೆಯಾ ನೋಡೋಣ ಎಂದು ತಿರುವಿದ ಹಾಗೆ, ಮತ್ತೆ ಮಗುಚಿತು.

ಮಟಮಟ ಮಧ್ಯಾಹ್ನ. ಎದುರಿನ ರಸ್ತೆಯಲ್ಲಿ ಬಸ್ಸು ಹೋಗುತ್ತಿದೆ. ಕೂಡಿಸಿದ ಬದಿ ಭಾರ, ತೆರೆಯುವ ಬದಿ ಹಗುರ, ಭಾರದ ಕಡೆ ಕೆಳಗೆ ಬರುತ್ತದೆ, ಇಷ್ಟೇ ವಿಷಯ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಹೇಳಿಕೊಂಡದ್ದು ಯಾರಿಗೆ? ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆವತ್ತು ಬೇಗ ಬಾಗಿಲು ಹಾಕಿದೆ.

ಮಾರನೆಯ ದಿನ ಬಿಲ್ಲೆಯ ಅಂಚಿನಲ್ಲಿ ಎದುರುಬದುರಾಗಿ ಎರಡು ಕಚ್ಚು ಅರದಿಂದ ತೀಡಿ, ಹಳೆಯ ಗರಗಸದ ಬ್ಲೇಡಿನ ತುಂಡೊಂದನ್ನು ಹಿಡಿಗೆ ಕೂರಿಸಿದೆ. ಬಿಲ್ಲೆ ಅರ್ಧ ಸುತ್ತು ತಿರುಗಿದ ಕೂಡಲೇ ಬ್ಲೇಡು ಕಚ್ಚಿನೊಳಕ್ಕೆ ಬೀಳುತ್ತದೆ. ಆಮೇಲೆ ಬೆರಳು ತಳ್ಳದೆ ಅದು ಕದಲುವುದಿಲ್ಲ. ಎಲ್ಲ ಬಿಗಿದು, ಉಸಿರು ಬಿಗಿಹಿಡಿದು, ಹೆಬ್ಬೆರಳಿನಿಂದ ತಳ್ಳಿದೆ. ಇಕ್ಕಳ ಮಗುಚಿ ನಿಂತಿತು, ಟಿಕ್ ಅಂದಿತು.

ಅದೇ ಸದ್ದು. ಬೇರೆ ಬ್ಲೇಡು ಹಾಕಿ ನೋಡಿದೆ, ಕಚ್ಚನ್ನು ತೀಡಿ ನುಣುಪು ಮಾಡಿದೆ. ಸದ್ದು ಸ್ವಲ್ಪ ಸಣ್ಣದಾಯಿತು, ಅಷ್ಟೆ. ಹಿತ್ತಿಲ ಬಾಗಿಲಲ್ಲಿ ನನ್ನ ಹೆಂಡತಿ ಬಂದು ನಿಂತಿದ್ದಳು. "ಬುಡಿ, ಅಂಗೇ ಇರ್ಲಿ" ಅಂದಳು. ಅವಳು ಅಷ್ಟು ದಿನಗಳ ಮೇಲೆ ಅಂಗಡಿಯೊಳಗೆ ಬಂದು ಕಾಫಿಯನ್ನು ನನ್ನ ಕೈಗೇ ಕೊಟ್ಟಳು.

ಒಯ್ಯಲು ತಾಯಿ ಬಂದಳು. ಹಿಡಿಯನ್ನು ನೋಡಿ ಮುಖ ಗಂಟಿಕ್ಕಿದಳು. ಇದೇನು ಆಟದ ಸಾಮಾನು, ನೆಟ್ಟಗಿದ್ದ ಹಿಡಿಗೆ ಏನಾಗಿತ್ತು, ಕಳ್ಳಕೈಗೆ ಸರಿಯಾಗಿ ಸೋಮಾರಿ ಇಕ್ಕಳ ಎಂದೆಲ್ಲ ಅಂದಳು. ನಾನು ಮಾತು ಕೊಟ್ಟಿದ್ದೆ, ಬೆಲ್ಟಿನ ವಿಷಯ ಬಾಯಿ ಬಿಡುವಂತಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತ್ತು. ಬಲಗೈ ಕೊಡಕ್ಕ ಎಂದೆ. ಮಣಿಕಟ್ಟಿನ ಎರಡೂ ಬದಿಗೆ ಮರದ ಪಟ್ಟಿ ಇಟ್ಟು, ಮೊಣಕೈಯಿಂದ ಬೆರಳಿನ ಬುಡದವರೆಗೆ ಬಟ್ಟೆ ಸುತ್ತಿ ಬಿಗಿದು ಕಟ್ಟಿದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳಲು ಹೇಳಿ, ಅಂಗಡಿಯಲ್ಲಿದ್ದ ನೆಟ್ಟಗಿನ ಹಿಡಿಯ ಇಕ್ಕಳವೊಂದನ್ನು ಕೊಟ್ಟು, ಈಗ ಕೆಂಡದ ಮೇಲೆ ಮಗುಚು ಎಂದೆ.

ಗಟ್ಟಿಗಿತ್ತಿ ಆಕೆ, ಬಿಡಲಿಲ್ಲ. ಭುಜ ಎತ್ತಿದಳು, ಸೊಂಟ ತಿರುವಿದಳು, ಹಲ್ಲು ಕಚ್ಚಿದಳು. ಸೊಸೆ ಆವತ್ತು ಹೇಗೆ ಮೈ ಬಾಗಿಸಿದ್ದಳೋ ಹಾಗೇ ಬಾಗಿಸಿದಳು. ಇಕ್ಕಳ ಕೆಂಡಕ್ಕೆ ಬಿತ್ತು. ಆಕೆ ಬಿದ್ದದ್ದನ್ನೇ ನೋಡುತ್ತಾ ನಿಂತಳು. ನಾನು ಎತ್ತಿಕೊಳ್ಳಲಿಲ್ಲ. ಆಮೇಲೆ ಹೊಸದನ್ನು ಕೊಟ್ಟೆ. ಹೆಬ್ಬೆರಳು ತಾನಾಗಿ ತೂತು ಹುಡುಕಿಕೊಂಡಿತು, ಟಿಕ್ ಎಂದು ಇಕ್ಕಳ ಮಗುಚಿತು. ಆ ಸದ್ದಿಗೆ ಆಕೆಯ ಕಣ್ಣು ತುಂಬಿಕೊಂಡವು. ಬಟ್ಟೆಯನ್ನು ತಾನೇ ಹಲ್ಲಿನಲ್ಲಿ ಬಿಚ್ಚಿಕೊಂಡು, ಹೊಸ ಇಕ್ಕಳವನ್ನೂ ಕವೆಯನ್ನೂ ಚೀಲಕ್ಕೆ ಹಾಕಿಕೊಂಡಳು. ಮಾಡಿದವನು ಎಡೆಗೆ ಬಂದು ಉಣ್ಣಬೇಕು ಎಂದಷ್ಟೇ ಹೇಳಿ ಹೋದಳು.

ಮಾರ್ಲಾಮಿಯ ದಿನ ಬೆಳಗಿನಿಂದ ತಲೆ-ಕಾಲು ಸುಟ್ಟು ಸುಟ್ಟು ಮೈಯೆಲ್ಲ ಕಮಟು ವಾಸನೆ. ಮಧ್ಯಾಹ್ನಕ್ಕೆ ಬಾಗಿಲು ಹಾಕಿ, ಸ್ನಾನ ಮಾಡಿ, ಗಾಡಿ ಹತ್ತಿ ಅವರ ಊರಿಗೆ ಹೋದೆ. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ನಿಗಿನಿಗಿ ಕೆಂಡ, ಪಕ್ಕದಲ್ಲಿ ನನ್ನ ಕವೆ. ಸೊಸೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಎಡಗೈಯನ್ನು ಸೆರಗಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು, ಮರೆತೂ ತಾಗಬಾರದೆಂದು. ಅತ್ತೆ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ನನ್ನನ್ನು ಜಗಲಿಯ ಮೇಲೆ ಕೂರಿಸಿದರು.

ಕೆಲಸ ಸಲೀಸಾಗಿ ಸಾಗಿತು. ಚುಂಯ್ ಅನ್ನುವುದು, ಟಿಕ್ ಅನ್ನುವುದು, ಮತ್ತೆ ಚುಂಯ್. ಒಂದು ಸರದಿ ಎಲೆಗೆ ಇಳಿಯಿತು, ಎರಡನೆಯದೂ ಇಳಿಯಿತು. ಆಮೇಲೆ ಹೆಬ್ಬೆರಳು ಸೋತದ್ದು ನನಗೆ ಜಗಲಿಯಿಂದಲೇ ಕಾಣಿಸಿತು. ತಳ್ಳುತ್ತಿದ್ದಳು, ಬಿಲ್ಲೆ ಕಚ್ಚಿನಿಂದ ಏಳುತ್ತಿರಲಿಲ್ಲ. ನುಣುಪು ಮಾಡಲು ಹೋಗಿ ಕಚ್ಚನ್ನು ಆಳ ಮಾಡಿಬಿಟ್ಟಿದ್ದೆ ನಾನು. ಮಗುಚದಿದ್ದರೆ ಬಾಡು ಸೀದುಹೋಗುತ್ತದೆ. ಎದ್ದು ಹೋಗಲೇ ಎಂದುಕೊಂಡೆ, ಆದರೆ ಎಡೆಯ ಒಲೆಯ ಹತ್ತಿರ ಹೊರಗಿನವನು ಹೋಗುವಂತಿಲ್ಲ.

ಅತ್ತೆ ಕಂಬ ಬಿಟ್ಟು ಬಂದಳು. ಸೊಸೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಅವಳ ಭುಜದ ಮೇಲಿಂದ ತನ್ನ ಬಲಗೈಯನ್ನು ಚಾಚಿ ಬಿಲ್ಲೆಯ ಮೇಲೆ ಹೆಬ್ಬೆರಳಿಟ್ಟಳು.

"ನಾನು ತಿರುವ್ತೀನಿ. ನೀನು ಇಡ್ಕೊ. ಬುಡಬ್ಯಾಡ."

ಸೊಸೆ ಕೆಂಡವನ್ನೇ ನೋಡುತ್ತಿದ್ದಳು. ಬಾಯಿಗೆ ಕಟ್ಟಿದ ಬಟ್ಟೆಯ ಹಿಂದಿನಿಂದ ದನಿ ಸಣ್ಣಗೆ ಬಂತು.

"ಅವತ್ತೂ ಬುಟ್ಟಿರ್ನಿಲ್ಲ ಕಣತ್ತೆ. ಅವ್ರ ಬೆಲ್ಟ್ ಕುಯ್ದು ನನ್ ಕೈ ಬುಡಿಸಿದ್ರು."

ಅತ್ತೆಯ ಹೆಬ್ಬೆರಳು ಬಿಲ್ಲೆಯ ಮೇಲೆ ಹಾಗೇ ನಿಂತಿತು. ಬಾಡಿನಿಂದ ಸೀದ ಹೊಗೆ ಏಳಲು ಶುರುವಾಗಿತ್ತು. ಆಮೇಲೆ ಟಿಕ್ ಎಂದು ಇಕ್ಕಳ ಮಗುಚಿತು. ಉಳಿದ ಬಾಡನ್ನೆಲ್ಲ ಅವರಿಬ್ಬರೂ ಹಾಗೇ ಸುಟ್ಟರು, ಒಬ್ಬಳು ಹಿಡಿದು, ಇನ್ನೊಬ್ಬಳು ತಿರುವಿ. ಅತ್ತೆಯ ಕಣ್ಣೀರು ಸೊಸೆಯ ಭುಜದ ಮೇಲೆ ಬೀಳುತ್ತಿತ್ತು, ಇಬ್ಬರೂ ಒರೆಸಿಕೊಳ್ಳಲಿಲ್ಲ.

ಎಡೆ ಇಟ್ಟರು. ಬಾಳೆಲೆಯ ಮೇಲೆ ಮುದ್ದೆ, ಸಾರು, ಕಜ್ಜಾಯ, ನಡುವೆ ಉಪ್ಪುಕಂಡ. ಇಕ್ಕಳವನ್ನು ಹಿತ್ತಿಲ ಕಲ್ಲಿನ ಮೇಲೆ ತಣ್ಣೀರಿನಲ್ಲಿ ತೊಳೆದು, ಅದೂ ಅವನದೇ ಎಂದು ಎಲೆಯ ಪಕ್ಕದಲ್ಲಿಟ್ಟರು. ಸತ್ತವರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು, ಅದಕ್ಕೇ ಎಲ್ಲರೂ ಹೊರಗೆ ಬಂದು ಕೋಣೆಯ ಬಾಗಿಲು ಮುಚ್ಚಿ ನಿಂತೆವು. ಒಳಗೆ ಯಾರೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಎಡೆಯ ಧೂಪ ಬಾಗಿಲ ಸಂದಿಯಿಂದ ಬರುತ್ತಿತ್ತು.

ಒಳಗೆ ಟಿಕ್ ಅಂದಿತು.

ಕಾದ ಕಬ್ಬಿಣ ಆರುವಾಗ ಸದ್ದು ಮಾಡುತ್ತದೆ. ಇದು ತೊಳೆದಿಟ್ಟ ತಣ್ಣನೆಯ ಕಬ್ಬಿಣ. ಸಾರಿಸಿದ ನೆಲ ಓರೆಯಿದ್ದು ಬಿಲ್ಲೆ ಜಾರಿತೇನೋ, ಆದರೆ ಹೆಬ್ಬೆರಳಿಗೇ ಏಳದ ಕಚ್ಚು ಅದು. ಇಲಿ ಇರಬಹುದು. ಕಸುಬಿನವನಿಗೆ ಕಾರಣ ಹುಡುಕುವುದು ರೂಢಿ, ಹುಡುಕುತ್ತಾ ನಿಂತೆ.

ಸೊಸೆ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅತ್ತೆ ಅವಳ ಬಲ ಮಣಿಕಟ್ಟನ್ನು, ಆ ಕಲೆಯ ಮೇಲೇ, ಹಿಡಿದುಕೊಂಡಳು.

"ತಡಿ ಮಗಾ. ಈಗ ಬಂದವ್ನೆ, ಉಣ್ಲಿ."

ಆ ಗಟ್ಟಿ ಕೈಯ ಹಿಡಿತ ನನಗೆ ಗೊತ್ತು. ನೋವಾಗುತ್ತಲೇ ಇದ್ದಿರಬೇಕು. ಬಾಗಿಲು ತೆರೆಯುವವರೆಗೂ ಆಕೆ ಬಿಡಲಿಲ್ಲ, ಹುಡುಗಿ ಬಿಡಿಸಿಕೊಳ್ಳಲೂ ಇಲ್ಲ.